‘ದಹಾಡ್’: ಯಾರ ನಾಪತ್ತೆ ಪ್ರಕರಣವಾಗುತ್ತದೆ?

ಈ ಸಲದ ಅಂಕಣವನ್ನು ಒಂದೇ ಸರಣಿಯ ಕುರಿತ ಪತ್ರಗಳಿಗೆ ಮೀಸಲಿಟ್ಟಿದ್ದೇವೆ. ‘ದಹಾಡ್’ 2023ರ ಮೇ 12ರಂದು ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದ ಎಂಟು ಕಂತುಗಳ ಹಿಂದಿ ಸರಣಿ. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಇದನ್ನು ರೂಪಿಸಿದರು. ಕಾಗ್ತಿ ಮತ್ತು ರುಚಿಕಾ ಒಬೆರಾಯ್ ನಿರ್ದೇಶಿಸಿದರು. ಬಿಡುಗಡೆಗೂ ಮುನ್ನ, ಅದೇ ವರ್ಷದ ಫೆಬ್ರುವರಿಯಲ್ಲಿ, ಬರ್ಲಿನ್ ಚಿತ್ರೋತ್ಸವದ ಸರಣಿಗಳ ಸ್ಪರ್ಧೆಗೂ ಇದು ಆಯ್ಕೆಯಾಗಿತ್ತು. ರಾಜಸ್ಥಾನದ ಮಂಡಾವಾ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ, ಬೇರೆ ಬೇರೆ ಊರುಗಳ ಸಾರ್ವಜನಿಕ ಶೌಚಾಲಯಗಳಲ್ಲಿ ಹೆಣವಾಗಿ ಸಿಕ್ಕ ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಸಾವಿನ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆಂದು ಕಂಡುಹಿಡಿಯುವುದು ಇದರ ಕಥೆ. ಉತ್ತರಗಳಲ್ಲಿ ಕಥೆಯ ತಿರುವುಗಳು ಬಯಲಾಗುವುದರಿಂದ, ಸರಣಿಯನ್ನು ಇನ್ನೂ ನೋಡದವರು ನೋಡಿ ಮುಗಿಸಿ ಓದುವುದು ಒಳ್ಳೆಯದು.

ಮಾನ್ಯರೇ, ಕೊಲೆಗಾರನನ್ನು ಹಿಡಿಯುವ ಕಥೆಗೆ ತನಿಖೆ ನಡೆಸುವವಳ ಜಾತಿ ಯಾವುದೆಂಬ ವಿವರ ಏಕೆ ಬೇಕು? ಚೆನ್ನಾಗಿ ಹೋಗುತ್ತಿದ್ದ ಪತ್ತೇದಾರಿ ಕಥೆಗೆ ಸಾಮಾಜಿಕ ಸಂದೇಶವನ್ನು ತಂದು ಅಂಟಿಸಿದಂತೆ ನನಗೆ ಕಂಡಿತು. — ಹಾಸನದ ಓದುಗರು

ಅಂಟಿಸಿದ ಸಂದೇಶ ಯಾವ ಕಥೆಯಲ್ಲಿದ್ದರೂ ಬೇಸರವೇ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಈ ಸರಣಿಯಿಂದ ಜಾತಿಯನ್ನು ಕಿತ್ತು ತೆಗೆದರೆ ಅದರಲ್ಲಿ ರಹಸ್ಯವೇ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೊಲೆಗಾರ ಯಾರೆಂಬುದು ಆರಂಭದ ಕಂತುಗಳಲ್ಲೇ ನೋಡುಗರಿಗೆ ತಿಳಿದುಬಿಡುತ್ತದೆ. ಅವನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹಿಂದಿ ಸಾಹಿತ್ಯ ಹೇಳಿಕೊಡುವ, ರಜೆಯ ದಿನಗಳಲ್ಲಿ ಪುಸ್ತಕಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಹಳ್ಳಿಯ ಮಕ್ಕಳ ಬಳಿ ಹೋಗುವ ಆನಂದ್ ಸ್ವರ್ಣಕಾರ್. ಹಾಗಾದರೆ ಎಂಟು ಕಂತುಗಳುದ್ದಕ್ಕೂ ನಮ್ಮನ್ನು ಕೂರಿಸುವ ಪ್ರಶ್ನೆ ಯಾವುದು? ಇಷ್ಟೊಂದು ಹೆಣ್ಣುಮಕ್ಕಳು ಒಂದೇ ಬಗೆಯಲ್ಲಿ ಸತ್ತರೂ ಅದು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಕೊಲೆಗಾರನ ಚಾಣಾಕ್ಷತನದಲ್ಲಿ ಅರ್ಧವಷ್ಟೇ ಇದೆ. ಉಳಿದರ್ಧ ಆ ಹೆಣ್ಣುಮಕ್ಕಳು ಯಾರ ಮನೆಯವರು ಎಂಬುದರಲ್ಲಿದೆ.

ಮುರಳಿ ಎಂಬ ಬಡವ ತನ್ನ ತಂಗಿ ಕೃಷ್ಣಾ ಚಾಂಡಾಲ್ ಕಾಣೆಯಾಗಿದ್ದಾಳೆಂದು ಠಾಣೆಗೆ ಬರುವ ಪ್ರಸಂಗವನ್ನು ನೆನಪಿಸಿಕೊಳ್ಳಿ. ಹುಡುಗಿ ಚೀಟಿ ಬರೆದಿಟ್ಟು ತಾನಾಗಿಯೇ ಹೋಗಿದ್ದಾಳೆ, ವಯಸ್ಕಳು, ಇದರಲ್ಲಿ ಪೊಲೀಸರು ಮಾಡುವುದೇನಿದೆ ಎಂಬ ಧೋರಣೆಯೇ ಅವನಿಗೆ ಎದುರಾಗುತ್ತದೆ. ಅದೇ ಹೊತ್ತಿಗೆ ಠಾಕೂರರ ಮನೆಯ ಹುಡುಗಿಯೊಬ್ಬಳು ಮುಸ್ಲಿಂ ಹುಡುಗನೊಂದಿಗೆ ಹೋದಾಗ ಊರಿಗೆ ಊರೇ ಎದ್ದು ನಿಲ್ಲುತ್ತದೆ, ರಾಜಕಾರಣಿಗಳು ಧಾವಿಸುತ್ತಾರೆ, ಪೊಲೀಸ್ ವಾಹನಗಳು ಓಡಾಡುತ್ತವೆ. ಇದನ್ನು ಕಣ್ಣಾರೆ ಕಂಡ ಮುರಳಿ, ತನ್ನ ತಂಗಿಯನ್ನೂ ಅನ್ಯಧರ್ಮದವನೇ ಕರೆದೊಯ್ದ ಎಂದು ಹೇಳಿಬಿಡುತ್ತಾನೆ. ಆಮೇಲೆ ಅವನ ದೂರು ಜೀವ ಪಡೆಯುತ್ತದೆ. ಒಬ್ಬ ಅಣ್ಣ ತನ್ನ ತಂಗಿಯನ್ನು ಹುಡುಕಿಸಲು ಸುಳ್ಳೊಂದರ ನೆರವು ಪಡೆಯಬೇಕಾಯಿತು ಎಂಬ ಈ ಸಂಗತಿಯಿಂದಲೇ ಇಡೀ ತನಿಖೆ ಶುರುವಾಗುತ್ತದೆ. ಇಲ್ಲಿ ಜಾತಿ ಕಥೆಯ ಹೊರಗಿನಿಂದ ಬಂದದ್ದಲ್ಲ, ಕಥೆಯನ್ನು ನಡೆಸುತ್ತಿರುವುದೇ ಅದು.

ಮೂವರ ಅಡ್ಡಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೃಷ್ಣಾಳ ಅಡ್ಡಹೆಸರು ಅವಳ ಕುಟುಂಬವನ್ನು ಠಾಣೆಯ ಬಾಗಿಲಲ್ಲೇ ನಿಲ್ಲಿಸುತ್ತದೆ. ಅಂಜಲಿಯ ‘ಭಾಟಿ’ ರಜಪೂತರಲ್ಲಿ ಬಳಕೆಯಲ್ಲಿರುವ ಹೆಸರು. ಅವಳ ಕುಟುಂಬದ ನಿಜವಾದ ಹೆಸರು ಮೇಘವಾಲ್, ಅದು ದಲಿತ ಸಮುದಾಯವೊಂದರ ಹೆಸರು. ಮಗಳಿಗೆ ಅವಮಾನ ತಟ್ಟದಿರಲೆಂದು ತಂದೆ ಅದನ್ನು ಬದಲಿಸಿದ್ದರು. ಕೊಲೆಗಾರನ ‘ಸ್ವರ್ಣಕಾರ್’ ಎಂಬ ಹೆಸರಂತೂ ಸುಳಿವನ್ನೇ ಹೊತ್ತು ತಿರುಗುತ್ತದೆ, ಏಕೆಂದರೆ ಆ ಹೆಣ್ಣುಮಕ್ಕಳು ಸತ್ತದ್ದು ಸಯನೈಡ್‌ನಿಂದ, ಚಿನ್ನದ ಕೆಲಸ ಮಾಡುವ ಮನೆಯಲ್ಲಿ ಅದು ಸಿಗುವುದು ಅಸಹಜವೇನಲ್ಲ. ಒಂದು ಹೆಸರು ಬಾಗಿಲು ಮುಚ್ಚುತ್ತದೆ, ಒಂದು ಹೆಸರು ಮರೆಮಾಡುತ್ತದೆ, ಒಂದು ಹೆಸರು ತೋರಿಸಿಕೊಡುತ್ತದೆ. ಪತ್ತೇದಾರಿ ಕಥೆಯೊಂದು ಸಮಾಜದ ರಚನೆಯನ್ನೇ ಸಾಕ್ಷ್ಯವಾಗಿ ಬಳಸುವುದೆಂದರೆ ಇದು.

ನಿಮ್ಮ ಆಕ್ಷೇಪ ಪೂರ್ತಿ ನಿರಾಧಾರವೆಂದು ಮಾತ್ರ ಹೇಳಲಾರೆ. ಹವೇಲಿಯ ಮಾಲೀಕನೊಬ್ಬ ಕೆಳಜಾತಿಯವರಿಗೆ ತನ್ನ ಮನೆಯೊಳಗೆ ಪ್ರವೇಶವಿಲ್ಲವೆಂದಾಗ ಅಂಜಲಿ ಸಂವಿಧಾನವನ್ನು ನೆನಪಿಸಿ ಒಳಗೆ ಹೋಗುವ ದೃಶ್ಯ ಚಪ್ಪಾಳೆಗೆಂದೇ ಬರೆದಂತಿದೆ. ಅದಕ್ಕಿಂತ ನೂರು ಪಾಲು ಮಿಗಿಲಾದದ್ದು ಠಾಣೆಯೊಳಗಿನ ಒಂದು ಸಣ್ಣ ವಿವರ: ಒಬ್ಬ ಸಹೋದ್ಯೋಗಿಯ ಮೇಜಿನ ಮುಂದೆ ಅಂಜಲಿ ಹಾದುಹೋದಾಗಲೆಲ್ಲ ಅವನು ಊದುಬತ್ತಿ ಹಚ್ಚುತ್ತಾನೆ. ಅವನು ಏನನ್ನೂ ಹೇಳುವುದಿಲ್ಲ. ದೂರು ಕೊಡೋಣವೆಂದರೆ ಊದುಬತ್ತಿ ಹಚ್ಚುವುದು ಅಪರಾಧವಲ್ಲ. ಅಂಜಲಿಯೂ ಏನನ್ನೂ ಹೇಳದೆ ಮುಂದೆ ಹೋಗುತ್ತಾಳೆ. ಅದೇ ಠಾಣೆಯಲ್ಲಿ ಅವಳನ್ನು ‘ಭಾಟಿ ಸಾಬ್’ ಎಂದು ಕರೆಯುತ್ತಾರೆ. ಗೌರವ ಕೊಡಬೇಕಾದಾಗ ಗಂಡಸರ ಸಂಬೋಧನೆ ಮತ್ತು ಮೇಲ್ಜಾತಿಯ ಹೆಸರು ಎರಡನ್ನೂ ಅವಳ ಮೇಲೆ ಹೊದಿಸಬೇಕಾಗುತ್ತದೆ. ಕಚೇರಿಗಳಲ್ಲಿ ಕೆಲಸ ಮಾಡಿದ ದಲಿತ ಓದುಗರಿಗೆ ಈ ಊದುಬತ್ತಿಯನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಇದು ನಮ್ಮ ಜಿಲ್ಲೆಯಲ್ಲಿ ನಡೆದ ಕಥೆಯಲ್ಲವೇ? ಅದನ್ನು ರಾಜಸ್ಥಾನಕ್ಕೆ ಕೊಂಡೊಯ್ದದ್ದು ಏಕೆ? ಕನ್ನಡದಲ್ಲಿ ಮಾಡಿದ್ದರೆ ಹೇಗಿರುತ್ತಿತ್ತು? — ಪುತ್ತೂರಿನ ಓದುಗರು

ಸರಣಿ ತನ್ನನ್ನು ಕಾಲ್ಪನಿಕ ಕಥೆಯೆಂದೇ ಮಂಡಿಸಿಕೊಂಡಿದೆ. ಆದರೂ ದಕ್ಷಿಣ ಕನ್ನಡದ ‘ಸಯನೈಡ್ ಮೋಹನ್’ ಪ್ರಕರಣವನ್ನು ಬಲ್ಲವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಮರೆತವರಿಗಾಗಿ ಸಂಕ್ಷಿಪ್ತವಾಗಿ ಹೇಳುವುದಾದರೆ, 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಅವಳು ಅನ್ಯಧರ್ಮದವನೊಂದಿಗೆ ಹೋಗಿದ್ದಾಳೆಂಬ ಗುಲ್ಲೆದ್ದು, ಜನ ಠಾಣೆಯ ಮುಂದೆ ಸೇರಿ ಒತ್ತಾಯಿಸಿದ ಮೇಲೆ ತನಿಖೆ ಬಿರುಸಾಯಿತು. ಅವಳ ಫೋನ್ ಕರೆಗಳ ಜಾಡು ಹಿಡಿದು ಹೊರಟವರಿಗೆ ಸಿಕ್ಕಿದ್ದು ಇನ್ನೊಬ್ಬ ಕಾಣೆಯಾದ ಹೆಣ್ಣುಮಗಳ ಫೋನು, ಅಲ್ಲಿಂದ ಮತ್ತೊಬ್ಬಳದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಬಂಧನವಾಯಿತು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ನಂಬಿಸಿ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕರೆದೊಯ್ದು, ಲಾಡ್ಜಿನಲ್ಲಿ ರಾತ್ರಿ ಕಳೆದು, ಒಡವೆಗಳನ್ನು ತೆಗೆಸಿಟ್ಟು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಎಂದು ಹೇಳಿ ಸಯನೈಡ್ ಗುಳಿಗೆ ಕೊಡುತ್ತಿದ್ದ. ಅದನ್ನು ನುಂಗಲು ಶೌಚಾಲಯದೊಳಗೆ ಹೋಗಿ ಚಿಲಕ ಹಾಕಿಕೊಂಡವಳು ಹೊರಗೆ ಬರುತ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. 20ನೆಯ ಮತ್ತು ಕೊನೆಯ ಪ್ರಕರಣದ ತೀರ್ಪು 2020ರ ಜೂನ್‌ನಲ್ಲಿ ಬಂತು.

ರಾಜಸ್ಥಾನಕ್ಕೆ ಸಾಗಿಸಿದ್ದರಿಂದ ಕಥೆಗೆ ಸಿಕ್ಕ ಲಾಭವಿದೆ. ಠಾಕೂರ್, ಮೇಘವಾಲ್ ಎಂಬ ಹೆಸರುಗಳು ಅಲ್ಲಿ ವ್ಯಕ್ತಿ ಬಾಯಿ ತೆರೆಯುವ ಮುನ್ನವೇ ಮಾತಾಡುತ್ತವೆ, ಹಿಂದಿ ನೋಡುಗರಿಗೆ ಅದು ಕ್ಷಣದಲ್ಲಿ ಅರ್ಥವಾಗುತ್ತದೆ. ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ. ನಮ್ಮ ಪ್ರಕರಣದ ಭಯಾನಕತೆ ಸರ್ಕಾರಿ ಬಸ್ಸಿನ ಹಾದಿಯಲ್ಲಿತ್ತು: ಹುಡುಗಿ ಕಾಣೆಯಾದದ್ದು ಘಟ್ಟದ ಕೆಳಗೆ, ಹೆಣ ಸಿಕ್ಕಿದ್ದು ಘಟ್ಟದ ಮೇಲೆ, ಹಾಸನದಲ್ಲೋ ಮಡಿಕೇರಿಯಲ್ಲೋ ಮೈಸೂರಿನಲ್ಲೋ. ಒಂದು ಜಿಲ್ಲೆಯ ಕಡತದಲ್ಲಿ ‘ನಾಪತ್ತೆ’, ಇನ್ನೊಂದು ಜಿಲ್ಲೆಯ ಕಡತದಲ್ಲಿ ಗುರುತು ಸಿಗದ ಹೆಣ್ಣಿನ ‘ಅಸಹಜ ಸಾವು’. ಈ ಎರಡು ಕಾಗದಗಳು ವರ್ಷಗಟ್ಟಲೆ ಒಂದರ ಪಕ್ಕದಲ್ಲಿ ಒಂದು ಬಂದು ಕೂರಲಿಲ್ಲ.

ಕರಾವಳಿಯಲ್ಲಿ ಗುರುತು ಕೆಲಸ ಮಾಡುವ ಬಗೆಯೂ ಬೇರೆ. ಮೋಹನ್ ಪ್ರತಿಯೊಬ್ಬಳಿಗೂ ತಾನು ಅವಳದೇ ಜಾತಿಯವನೆಂದು, ಬೇರೆ ಬೇರೆ ಹೆಸರಿಟ್ಟುಕೊಂಡು ಹೇಳುತ್ತಿದ್ದ. ಸಂಬಂಧ ಕೂಡಿಸುವಾಗ ‘ನಿಮ್ಮ ಬರಿ (ಕುಲ) ಯಾವುದು’ ಎಂದು ಕೇಳುವ, ಒಂದೇ ಬರಿಯಾದರೆ ಮದುವೆಯನ್ನೇ ಕೈಬಿಡುವ ತುಳುವ ಸಮುದಾಯಗಳಲ್ಲಿ ಇಂಥ ಸುಳ್ಳನ್ನು ಹೇಳಿ ದಕ್ಕಿಸಿಕೊಳ್ಳಬೇಕಾದರೆ ಆ ಸಮಾಜದ ಒಳಗಿನ ತಿಳಿವಳಿಕೆ ಎಷ್ಟಿರಬೇಕು ಎಂದು ಯೋಚಿಸಿ. ಜಾತಿಯ ಕಟ್ಟುಪಾಡು ಹೆಣ್ಣುಮಕ್ಕಳಿಗೆ ರಕ್ಷಣೆ ಎಂದು ಹೇಳುವವರು ಇದ್ದಾರೆ. ಇಲ್ಲಿ ಕೊಲೆಗಾರ ಅದೇ ಕಟ್ಟುಪಾಡನ್ನು ನಂಬಿಕೆ ಗಿಟ್ಟಿಸುವ ಸಾಧನವಾಗಿ ಬಳಸಿದ. ಕನ್ನಡದಲ್ಲಿ ಈ ಕಥೆ ಬರುವುದಾದರೆ, ಬೀಡಿ ಕಟ್ಟುವ ತಾಯಿ ಮನೆಯಲ್ಲಿ ತುಳುವಿನಲ್ಲಿ ಅಳಬೇಕು, ಠಾಣೆಯಲ್ಲಿ ಅವಳ ದೂರನ್ನು ರೈಟರ್ ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಳ್ಳಬೇಕು, ಆ ಬರಹದಲ್ಲಿ ಅವಳು ಹೇಳಿದ್ದರಲ್ಲಿ ಏನೇನು ಬಿಟ್ಟುಹೋಯಿತು ಎಂಬುದನ್ನು ನಮಗೆ ಕಾಣಿಸಬೇಕು. ಎಲ್ಲ ಪಾತ್ರಗಳಿಗೂ ಹಾಸ್ಯಕ್ಕೆ ಬಳಸುವ ‘ಮಂಗಳೂರು ಕನ್ನಡ’ವನ್ನು ಕಲಿಸಿ ಬಿಟ್ಟರೆ ಆ ಜನರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತಾಗುತ್ತದೆ.

ದಲಿತ ಅಧಿಕಾರಿಯ ಪಾತ್ರವನ್ನು ಸೋನಾಕ್ಷಿ ಸಿನ್ಹಾ ಮಾಡಿದ್ದು ಸರಿಯೇ? ನಟನೆಯಲ್ಲೂ ಜಾತಿ ನೋಡಬೇಕೇ? — ಕಲಬುರಗಿಯ ಓದುಗರು

ನಟನೆಯೆಂದರೆ ತಾನಲ್ಲದವರಾಗುವುದು. ಇದೇ ಸರಣಿಯಲ್ಲಿ ಠಾಣಾಧಿಕಾರಿ ದೇವಿ ಲಾಲ್ ಸಿಂಗ್ ಪಾತ್ರ ಮಾಡಿದ ಗುಲ್ಶನ್ ದೇವಯ್ಯ ಬೆಂಗಳೂರಿನಲ್ಲಿ ಬೆಳೆದ ಕೊಡವರು. ಅವರು ರಾಜಸ್ಥಾನದ ಅಧಿಕಾರಿಯಾದಾಗ ಯಾರೂ ಆಕ್ಷೇಪಿಸಲಿಲ್ಲ, ಆಕ್ಷೇಪಿಸಬೇಕಾಗಿಯೂ ಇರಲಿಲ್ಲ. ಸೋನಾಕ್ಷಿ ಸಿನ್ಹಾ ಅವರ ಅಭಿನಯವೂ ನನಗೆ ಮೆಚ್ಚುಗೆಯಾಯಿತು. ಬೈಕ್ ಓಡಿಸುವಾಗಿನ ನಿರಾಳ ಭಂಗಿಗೂ ದೊಡ್ಡ ಮನೆಯ ಅಂಗಳದಲ್ಲಿ ನಿಂತಾಗಿನ ಬಿಗಿದ ಭುಜಗಳಿಗೂ ಇರುವ ವ್ಯತ್ಯಾಸವನ್ನು ಅವರು ಮಾತಿಲ್ಲದೆ ತೋರಿಸಿದ್ದಾರೆ.

ಆದರೆ ಎರಡು ಸಂದರ್ಭಗಳು ಒಂದೇ ಅಲ್ಲ. ಯಾವ ಪಾತ್ರ ಬೇಕಾದರೂ ಯಾರು ಬೇಕಾದರೂ ಮಾಡಬಹುದು ಎಂಬ ಸ್ವಾತಂತ್ರ್ಯ ಎರಡೂ ದಿಕ್ಕಿಗೆ ಹರಿಯಬೇಕು. ದಲಿತ ಹಿನ್ನೆಲೆಯ ನಟಿಯೊಬ್ಬಳು ಠಾಕೂರರ ಮನೆಯ ಸೊಸೆಯ ಪಾತ್ರಕ್ಕೆ ಸಲೀಸಾಗಿ ಆಯ್ಕೆಯಾಗುವ ದಿನ ನಿಮ್ಮ ಪ್ರಶ್ನೆ ತಾನಾಗಿ ಇಲ್ಲವಾಗುತ್ತದೆ. ಈಗ ಅಂಥವರಿಗೆ ಮೇಲ್ಜಾತಿಯ ಪಾತ್ರಗಳೂ ಸಿಗುವುದಿಲ್ಲ, ದಲಿತ ನಾಯಕಿಯ ಪಾತ್ರವೂ ತಾರೆಯರ ಪಾಲಾಗುತ್ತದೆ. ಹೆಸರಾಂತ ಮುಖವಿಲ್ಲದೆ ಹಣ ಹೂಡುವವರು ಸಿಗುವುದಿಲ್ಲ ಎಂಬ ಸಮಜಾಯಿಷಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ‘ಪಾತಾಳ್ ಲೋಕ್’ ಎಂಬ ಇನ್ನೊಂದು ಹಿಂದಿ ಸರಣಿ ಬೇರೆ ದಾರಿ ಹಿಡಿದು ಗೆದ್ದಿದೆ. 2020ರ ಮೊದಲ ಸೀಸನ್ನಿನಲ್ಲಿ ಚೀನಿ ಎಂಬ ಪಾತ್ರವನ್ನು ಮಣಿಪುರದ ಟ್ರಾನ್ಸ್ ಕಲಾವಿದೆ ಮೈರೆಂಬಮ್ ರೊನಾಲ್ಡೊ ಸಿಂಗ್ ಮಾಡಿದರು. 2025ರ ಜನವರಿಯಲ್ಲಿ ಬಂದ ಎರಡನೆಯ ಸೀಸನ್ ನಾಗಾಲ್ಯಾಂಡಿಗೆ ಹೋದಾಗ ಅಲ್ಲಿನ ಕಲಾವಿದರನ್ನೇ ಮುಖ್ಯ ಪಾತ್ರಗಳಿಗೆ ತೆಗೆದುಕೊಂಡು, ನಾಗಾಮೀಸ್ ಮಾತನ್ನು ಪಾತ್ರಗಳ ಬಾಯಲ್ಲಿ ಉಳಿಸಿತು. ದೆಹಲಿಯ ಪೊಲೀಸನಿಗೆ ಆ ಮಾತು ತಿಳಿಯದಿರುವುದರಿಂದಲೇ ಅಲ್ಲಿನ ರಹಸ್ಯ ದಟ್ಟವಾಗುತ್ತದೆ, ಅಂದರೆ ಕಲಾವಿದರ ಆಯ್ಕೆಯಲ್ಲಿನ ಪ್ರಾಮಾಣಿಕತೆ ಕಥೆಗೇ ನೆರವಾಯಿತು.

ಮುಸ್ಲಿಂ ಹುಡುಗನ ಕಥೆ ಏನಾಯಿತು? — ವಿಜಯಪುರದ ಓದುಗರು

ಹಿನ್ನೆಲೆಗೆ ಸರಿಯಿತು, ಅದು ಸರಣಿಯ ದೋಷವೇ. ಠಾಕೂರರ ಹುಡುಗಿಯೂ ಅಲ್ತಾಫನೂ ಪರಸ್ಪರ ಒಪ್ಪಿ ಹೋದವರೆಂದು ತೋರಿಸಿ ಗುಲ್ಲಿನ ಸುಳ್ಳನ್ನು ಬಯಲು ಮಾಡಿದ್ದು ಸರಿ. ಆದರೆ ಕೃಷ್ಣಾಳ ತನಿಖೆಗೆ ಚಾಲನೆ ಸಿಕ್ಕಿದ ಮೇಲೆ ಆ ಹುಡುಗನ ಮನೆಯವರಿಗೆ ಬರಹಗಾರರು ಕೊಟ್ಟ ಜಾಗ ತೀರಾ ಕಡಿಮೆ.

ಸತ್ತ ಹೆಣ್ಣುಮಕ್ಕಳ ಬಗ್ಗೆ ಸರಣಿ ಹೇಳುವುದು ಕಡಿಮೆಯಾಯಿತು ಎಂದು ನನಗನ್ನಿಸಿತು. ನಿಮ್ಮ ಅಭಿಪ್ರಾಯವೇನು? — ಶಿವಮೊಗ್ಗದ ಓದುಗರು

ಸರಣಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ, ಇದನ್ನು ಎತ್ತಿದ್ದಕ್ಕೆ ಕೃತಜ್ಞತೆಗಳು. ಅಂಜಲಿಯ ತಾಯಿ ಮಗಳಿಗೆ ಗಂಡು ನೋಡುವುದು, ದೇವಿ ಲಾಲ್ ತನ್ನ ಮಗಳನ್ನು ಸ್ಪರ್ಧೆಗೆಂದು ದೆಹಲಿಗೆ ಕಳಿಸುವ ವಿಚಾರದಲ್ಲಿ ಹೆಂಡತಿಯೊಂದಿಗೆ ವಾದಿಸುವುದು, ಅದೇ ಠಾಣೆಯ ಇನ್ನೊಬ್ಬ ಅಧಿಕಾರಿ ಪಾರ್ಘಿ ತನಗೆ ಮಗುವೇ ಬೇಡವೆನ್ನುವುದು, ಇವೆಲ್ಲಕ್ಕೂ ಸಾವಧಾನದ ದೃಶ್ಯಗಳಿವೆ. ಕೊಲೆಗಾರನ ಬಾಲ್ಯಕ್ಕೂ ಅವನ ಸಂಸಾರಕ್ಕೂ ಜಾಗವಿದೆ. ಆದರೆ ಸತ್ತವರಲ್ಲಿ ಹೆಚ್ಚಿನವರು ಠಾಣೆಯ ಗೋಡೆಯ ಮೇಲಿನ ಫೋಟೊಗಳಾಗಿಯೇ ಉಳಿಯುತ್ತಾರೆ. ಅವರಲ್ಲಿ ಒಬ್ಬಳು ಯಾವ ಕೆಲಸಕ್ಕೆ ಹೋಗುತ್ತಿದ್ದಳು, ಕೂಡಿಟ್ಟ ಹಣದಲ್ಲಿ ಏನು ಕೊಂಡಿದ್ದಳು, ಅಪರಿಚಿತನೊಬ್ಬ ಫೋನಿನಲ್ಲಿ ಆಡಿದ ಯಾವ ಮಾತು ಅವಳಿಗೆ ಹಿತವಾಗಿ ಕೇಳಿಸಿತು ಎಂಬುದು ನಮಗೆ ತಿಳಿಯುವುದೇ ಇಲ್ಲ.

ವರದಕ್ಷಿಣೆ ಕೊಡಲಾಗದ ಮನೆಯಲ್ಲಿ ಮದುವೆಯ ವಯಸ್ಸು ದಾಟುತ್ತಿದೆ ಎಂಬ ಮಾತನ್ನು ದಿನಾ ಕೇಳುತ್ತ ಬದುಕಿದ ಹೆಣ್ಣುಮಗಳು, ಒಬ್ಬ ಓದಿದ ಗಂಡಸು ತನ್ನನ್ನು ಗೌರವದಿಂದ ಮಾತನಾಡಿಸಿದ್ದಕ್ಕೆ ಅವನನ್ನು ನಂಬುವುದು ಮೂರ್ಖತನವಲ್ಲ. ಆ ನಂಬಿಕೆ ಹೇಗೆ ಹುಟ್ಟಿತು ಎಂಬುದನ್ನು ಒಂದು ಪೂರ್ತಿ ಕಂತಿನಲ್ಲಿ, ಅವಳ ಕಡೆಯಿಂದ, ಪೊಲೀಸರ ನೆರಳೂ ಇಲ್ಲದೆ ತೋರಿಸಬಹುದಾಗಿತ್ತು. ದಲಿತ ಅಧಿಕಾರಿಯನ್ನು ನಾಯಕಿಯನ್ನಾಗಿ ಮಾಡಿದ ಧೈರ್ಯಕ್ಕೆ ನಾನು ನಿಜಕ್ಕೂ ತಲೆಬಾಗುತ್ತೇನೆ. ಆದರೆ ಪ್ರಾತಿನಿಧ್ಯದ ಲೆಕ್ಕ ನಾಯಕಿ ಒಬ್ಬಳಲ್ಲೇ ಮುಗಿದರೆ, ಬದುಕಿದ್ದಾಗ ಯಾರೂ ಹುಡುಕದ ಹೆಣ್ಣುಮಕ್ಕಳು ಅವರನ್ನು ಹುಡುಕುವ ಕಥೆಯಲ್ಲೂ ಸಂಖ್ಯೆಯಾಗಿಯೇ ಉಳಿಯುತ್ತಾರೆ. ಇದು ‘ದಹಾಡ್’ ಒಂದರದ್ದೇ ತಪ್ಪಲ್ಲ. ಸರಣಿ ಕೊಲೆಗಳ ಕಥೆ ಹೇಳುವ ಬಹುಪಾಲು ಧಾರಾವಾಹಿಗಳು ಇಲ್ಲೇ ಎಡವುತ್ತವೆ.

ಅಂಕಣಕಾರರಿಗೆ ನಮಸ್ಕಾರ. ನನ್ನನ್ನು ಶಾಲೆಗೆ ಸೇರಿಸುವಾಗ ತಂದೆಯವರು ಜಾತಿ ಗೊತ್ತಾಗದಂತೆ ಊರಿನ ಹೆಸರನ್ನೇ ನನ್ನ ಹೆಸರಿನ ಜೊತೆ ಬರೆಸಿದರು. ಕೊನೆಯಲ್ಲಿ ಅಂಜಲಿ ತನ್ನ ಹೆಸರನ್ನು ಮೇಘವಾಲ್ ಎಂದು ಮತ್ತೆ ಬದಲಿಸಿಕೊಳ್ಳುವುದನ್ನು ನೋಡಿದಾಗ ನನಗೆ ಒಳಗೊಳಗೇ ಹಿಂಸೆಯಾಯಿತು. ನಾವು ಬಚ್ಚಿಟ್ಟುಕೊಂಡು ಬದುಕಿದ್ದು ಹೇಡಿತನವೇ? — ಹೆಸರು, ಊರು ಬೇಡವೆಂದ ಓದುಗರು

ಖಂಡಿತ ಅಲ್ಲ. ಸರಣಿಯೂ ಹಾಗೆ ಹೇಳುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅಂಜಲಿ ತನ್ನ ತಂದೆಯನ್ನು ಎಲ್ಲಿಯೂ ದೂರುವುದಿಲ್ಲ. ಅವರು ಹೆಸರು ಬದಲಿಸಿದ ಕಾಲಕ್ಕೆ ಅದು ಮಗಳಿಗೆ ಅವರು ಕೊಡಬಹುದಾಗಿದ್ದ ಕಾಪು. ಅವಳು ಅದನ್ನು ತೆಗೆದಿಡುವುದು ಮೈಮೇಲೆ ಸಮವಸ್ತ್ರ, ಕೈಯಲ್ಲಿ ಸರ್ಕಾರಿ ಹುದ್ದೆ, ಹಿಂದೆ ಒಂದು ದೊಡ್ಡ ಪ್ರಕರಣವನ್ನು ಭೇದಿಸಿದ ಹೆಸರು, ಇವೆಲ್ಲ ಬಂದ ಮೇಲೆ. ಬಾಡಿಗೆ ಮನೆ ಹುಡುಕುವವರು, ಖಾಸಗಿ ಕಂಪನಿಯಲ್ಲಿ ಕೆಲಸ ಕೇಳುವವರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮೂವರೊಂದಿಗೆ ಇರುವ ವಿದ್ಯಾರ್ಥಿ ತಮ್ಮ ಜಾತಿಯನ್ನು ಸಾರಿ ಹೇಳಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ನಮ್ಮ ಕಡೆ ಊರಿನ ಹೆಸರೂ ತಂದೆಯ ಹೆಸರಿನ ಮೊದಲಕ್ಷರವೂ ಜಾತಿಯನ್ನು ಸ್ವಲ್ಪ ಮಟ್ಟಿಗೆ ಮರೆಮಾಡುತ್ತವೆ ನಿಜ, ಆದರೆ ‘ನೀವು ಯಾವ ಪೈಕಿ’, ‘ಮನೆದೇವರು ಯಾವುದು’ ಎಂದು ನಯವಾಗಿ ಕೇಳಿ ತಿಳಿದುಕೊಳ್ಳುವ ಕಲೆ ನಮ್ಮವರಿಗೆ ಚೆನ್ನಾಗಿ ಕರಗತವಾಗಿದೆ. ನಿಮ್ಮ ತಂದೆಯವರಿಗೆ ಅದು ಗೊತ್ತಿದ್ದೇ ಇರುತ್ತದೆ. ತಿಳಿದೂ ಒಂದಿಷ್ಟು ವರ್ಷಗಳ ನೆಮ್ಮದಿಯನ್ನಾದರೂ ನಿಮಗೆ ದೊರಕಿಸಿಕೊಟ್ಟರು.

ಆ ದೃಶ್ಯ ನನಗೆ ಇಷ್ಟವಾದದ್ದು ಅದರಲ್ಲಿ ಭಾಷಣವಿಲ್ಲ ಎಂಬ ಕಾರಣಕ್ಕೆ. ಹವೇಲಿಯ ಬಾಗಿಲಲ್ಲಿ ದನಿಯೇರಿಸಿದ ಅದೇ ಪಾತ್ರ ಇಲ್ಲಿ ತನ್ನ ಪಾಡಿಗೆ ತಾನು ಹೆಸರು ಬದಲಾವಣೆಯ ಕೆಲಸ ಮುಗಿಸಿಕೊಳ್ಳುತ್ತದೆ. ನಿಮಗೂ ಮುಂದೆಂದಾದರೂ ಹಾಗೆ ಮಾಡಬೇಕೆನ್ನಿಸಿದರೆ ದಾರಿ ಸರಳವಾಗಿದೆ: ನೋಟರಿಯವರ ಮುಂದೆ ಪ್ರಮಾಣಪತ್ರ, ಪತ್ರಿಕೆಗಳಲ್ಲಿ ಪ್ರಕಟಣೆ, ಆಮೇಲೆ ರಾಜ್ಯಪತ್ರದಲ್ಲಿ ಅಧಿಸೂಚನೆ. ಅನ್ನಿಸದಿದ್ದರೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ತಂದೆಯವರು ಇದ್ದರೆ, ಅವರಿಗೆ ಒಪ್ಪಿಗೆಯಾದರೆ, ಕೊನೆಯ ಕಂತನ್ನು ಅವರೊಂದಿಗೆ ಕೂತು ನೋಡಿ; ನಿಮ್ಮನ್ನು ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ಟರ ಮೇಜಿನ ಮುಂದೆ ಏನು ಮಾತುಕತೆ ನಡೆಯಿತೆಂದು ಅವರನ್ನೇ ಕೇಳಿ.